ಕೋಡಿಬಾಗದ ಸ್ಯಾನ್ ಸ್ಟಾರ್ಮ್ ಒಮ್ಮೆ ಸ್ಟಾರ್ಟ್ ಆಗುತ್ತೆ, ಒಮ್ಮೆ ಇಲ್ಲ. ಯಾಕೆ?

ಪ್ರಶ್ನೆ: ಅಪ್ಪ 2000ನೇ ಇಸವಿಯಲ್ಲಿ ಕೊಂಡ ಸ್ಯಾನ್ ಸ್ಟಾರ್ಮ್ ಕಾರು ಈಗ ನನ್ನ ಹತ್ತಿರ ಇದೆ. ಮನೆ ಕಾರವಾರದ ಕೋಡಿಬಾಗದಲ್ಲಿ. ಎರಡು ವರ್ಷದಿಂದ ಇದಕ್ಕೆ ಒಂದೇ ಕಾಯಿಲೆ. ಬೆಳಗ್ಗೆ ಹೆಚ್ಚಾಗಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅಂಕೋಲಾದವರೆಗೆ ಹೋಗಿ, ಪೆಟ್ರೋಲ್ ಹಾಕಿಸಿ ಕೀ ತಿರುಗಿಸಿದರೆ 'ಟಕ್' ಅಂದು ಸುಮ್ಮನಾಗುತ್ತದೆ. 15-20 ನಿಮಿಷ ಬಿಟ್ಟರೆ ಏನೂ ಆಗಿರದ ಹಾಗೆ ಸ್ಟಾರ್ಟ್. ಮಳೆಗಾಲದಲ್ಲಿ ಬೆಳಗ್ಗೆಯೂ ಹೀಗೇ ಮಾಡುತ್ತದೆ. ಬ್ಯಾಟರಿ ಎರಡು ಸಲ ಬದಲಾಯಿಸಿದೆವು. ಸೆಲ್ಫ್ ಮೋಟಾರ್ ಬಿಚ್ಚಿಸಿ ಹೊಸ ಕಾರ್ಬನ್ ಹಾಕಿಸಿದೆವು. ಗ್ಯಾರೇಜಿಗೆ ಒಯ್ದ ದಿನ ಮಾತ್ರ ಯಾವ ತಕರಾರೂ ಇಲ್ಲ. ಇದರ ಜೊತೆ ಎಕ್ಸಿಲರೇಟರ್ ಕೇಬಲ್ ಒಂದೇ ವರ್ಷದಲ್ಲಿ ಎರಡು ಸಲ ಹಿಡಿದುಕೊಂಡು ಹೊಸದು ಹಾಕಿಸಬೇಕಾಯಿತು. ಮಾರಿಬಿಡು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮಾರಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಿಮ್ಮ ಪತ್ರದ ಕೊನೆಗೆ, ಅದು ಬೇರೆಯೇ ವಿಷಯ ಅನ್ನುವ ಹಾಗೆ, ಒಂದು ಸಾಲು ಬರೆದಿದ್ದೀರಿ. ಎಕ್ಸಿಲರೇಟರ್ ಕೇಬಲ್ ವರ್ಷದಲ್ಲಿ ಎರಡು ಸಲ ಹೋಯಿತು ಅಂತ. ನನ್ನ ಕಣ್ಣು ಅಲ್ಲೇ ನಿಂತಿತು. ಆ ಕೇಬಲ್ ಹಾಳಾಗಿದ್ದೂ ಸೆಲ್ಫ್ ಹೊಡೆಯದೇ ಇರುವುದೂ ಒಂದೇ ಕಾರಣಕ್ಕೆ ಅಂತ ನನಗೆ ಅನಿಸುತ್ತಿದೆ. ನಿಮ್ಮ ಕಾರಿನ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ, ಹೋಗಿದೆ. ಪೂರ್ತಿ ಹೋಗಿದ್ದರೆ ಕಾರು ಯಾವತ್ತೂ ಸ್ಟಾರ್ಟ್ ಆಗುತ್ತಿರಲಿಲ್ಲ, ಯಾರಾದರೂ ಒಂದು ದಿನದಲ್ಲಿ ಕಂಡುಹಿಡಿಯುತ್ತಿದ್ದರು. ಅರ್ಧಂಬರ್ಧ ಹೋಗಿದೆ. ಅದಕ್ಕೇ ಇಷ್ಟು ಸತಾಯಿಸುತ್ತಿದೆ.

ಯಾಕೆ ಹೀಗೆ ಹೇಳುತ್ತೇನೆ ಅಂತ ವಿವರಿಸುತ್ತೇನೆ. ಬ್ಯಾಟರಿಯಿಂದ ಹೊರಟ ಕರೆಂಟ್ ಬ್ಯಾಟರಿಗೇ ವಾಪಸ್ ಬರಬೇಕು. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಕೆಂಪು ಕೇಬಲ್, ಕೀ, ಫ್ಯೂಸ್, ಸೆಲ್ಫ್ ಮೋಟಾರ್. ಬರುವ ದಾರಿಯನ್ನು ನೋಡುವವರು ಕಡಿಮೆ. ಮಾಮೂಲಿ ಕಾರಿನಲ್ಲಿ ಬಾಡಿ ಪೂರ್ತಿ ತಗಡು. ಲೈಟಿನ ಕರೆಂಟ್, ಹಾರ್ನಿನ ಕರೆಂಟ್, ವೈಪರಿನ ಕರೆಂಟ್ ಎಲ್ಲ ಆ ತಗಡಿನ ಮೂಲಕ ತನ್ನಷ್ಟಕ್ಕೆ ಬ್ಯಾಟರಿಗೆ ಮರಳುತ್ತದೆ. ಒಂದು ಜಾಗದಲ್ಲಿ ತುಕ್ಕು ಹಿಡಿದರೂ ಇನ್ನೊಂದು ದಾರಿ ಸಿಗುತ್ತದೆ.

ಸ್ಯಾನ್ ಸ್ಟಾರ್ಮ್ ಹಾಗಲ್ಲ. ಕಾಳಿ ಸೇತುವೆ ದಾಟಿ, ಮಾಜಾಳಿ ಆಚೆಗೆ, ನಿಮ್ಮ ಪಕ್ಕದ ಗೋವಾದಲ್ಲೇ ತಯಾರಾದ ಕಾರು ಅದು. 1998ರಲ್ಲಿ ಬಂತು. ಎರಡೇ ಸೀಟು, ಬಿಚ್ಚುವ ಟಾಪು, ರೆನೋ ಕಂಪನಿಯ 1149 ಸಿಸಿ ಎಂಜಿನ್. ಮೇಲಿನ ಬಾಡಿ ಮಾತ್ರ ಫೈಬರ್. ಸಮುದ್ರದ ಬದಿಯ ಊರಿನಲ್ಲಿ ಇದು ದೊಡ್ಡ ವರ. ನಿಮ್ಮ ಅಪ್ಪನ ಜೊತೆ ಅದೇ ವರ್ಷ ತಗಡಿನ ಕಾರು ಕೊಂಡವರ ಗಾಡಿಗಳಲ್ಲಿ ಎಷ್ಟೋ ಈಗ ಗುಜರಿ ಸೇರಿರಬಹುದು, ನಿಮ್ಮ ಬಾಡಿ ಹಾಗೇ ಇದೆ. ಆದರೆ ಫೈಬರ್ ಒಳಗೆ ಕರೆಂಟ್ ಹರಿಯುವುದಿಲ್ಲ. ತಗಡು ಸುಮ್ನೆ ಮಾಡಿಕೊಡುವ ಕೆಲಸವನ್ನು ಇಲ್ಲಿ ಒಂದೊಂದು ಅರ್ತ್ ವಯರೇ ಮಾಡಬೇಕು. ಇದು ಆ ಕಾರು ಮಾಡಿದವರ ತಪ್ಪು ಅಂತ ತಿಳಿಯಬೇಡಿ. ಅಮೆರಿಕದ ಕಾರ್ವೆಟ್ 1953ರಿಂದಲೂ ಫೈಬರ್ ಬಾಡಿಯದ್ದೇ. ಹಳೇ ಕಾರ್ವೆಟ್ ಇಟ್ಟುಕೊಂಡವರೂ ಇದೇ ಅರ್ತ್ ವಯರುಗಳ ಹಿಂದೆ ಬೀಳುತ್ತಾರೆ.

ಇನ್ನು ಎಂಜಿನ್ ವಿಷಯಕ್ಕೆ ಬನ್ನಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲೂ ಕರೆಂಟ್ ಹರಿಯುವುದಿಲ್ಲ. ಸೆಲ್ಫ್ ಮೋಟಾರ್ ಎಂಜಿನ್ನಿಗೆ ಬೋಲ್ಟ್ ಆಗಿದೆ, ಅದು ತಿರುಗುವಾಗ 100ರಿಂದ 150 ಆಂಪಿಯರ್ ಎಳೆಯುತ್ತದೆ, ಮೊದಲ ಕ್ಷಣದಲ್ಲಿ ಇನ್ನೂ ಜಾಸ್ತಿ. ಅಷ್ಟೂ ಕರೆಂಟ್ ಎಂಜಿನ್ನಿಂದ ಬ್ಯಾಟರಿಗೆ ವಾಪಸ್ ಬರಲು ಇರುವುದು ಒಂದೇ ದಪ್ಪ ಅರ್ತ್ ಕೇಬಲ್, ಬಹಳ ಆದರೆ ಎರಡು. ಆ ಕೇಬಲ್ ಒಳಗೊಳಗೇ ಕೊಳೆತರೆ ಕರೆಂಟ್ ಸುಮ್ಮನೆ ಕೂರುವುದಿಲ್ಲ. ಎಂಜಿನ್ನಿಗೆ ತಾಗಿಕೊಂಡ ಬೇರೆ ಲೋಹ ಯಾವುದಿದೆ ಅಂತ ಹುಡುಕುತ್ತದೆ. ಎಂಜಿನ್ನಿಂದ ಪೆಡಲ್ ತನಕ ಹೋಗುವ ಎಕ್ಸಿಲರೇಟರ್ ಕೇಬಲ್ ಒಳಗಿರುವುದು ಉಕ್ಕಿನ ತಂತಿ. ಪೆಡಲ್ ಕಡೆಯ ಲೋಹ ಯಾವುದಾದರೂ ವಯರಿನ ಮೂಲಕ ಫ್ರೇಮಿಗೆ ಸೇರಿದ್ದರೆ ಸಾಕು, ಕರೆಂಟ್ ಅದರ ಮೂಲಕ ನುಗ್ಗುತ್ತದೆ. ಅಷ್ಟು ಸಣ್ಣ ತಂತಿಗೆ ಅಷ್ಟು ಕರೆಂಟ್ ತಡೆದುಕೊಳ್ಳಲು ಆಗುವುದಿಲ್ಲ. ಕಾದು ಬಿಸಿಯಾಗುತ್ತದೆ. ಒಳಗಿನ ಪ್ಲಾಸ್ಟಿಕ್ ಕರಗುತ್ತದೆ. ಆಮೇಲೆ ಕೇಬಲ್ ಹಿಡಿದುಕೊಳ್ಳುತ್ತದೆ.

ಹಳೇ ಕೇಬಲ್ ಇನ್ನೂ ಶೆಡ್ಡಿನಲ್ಲಿ ಬಿದ್ದಿದ್ದರೆ ಉದ್ದಕ್ಕೆ ಸೀಳಿ ನೋಡಿ. ಒಳಗಿನ ಪದರ ಮೇಣದ ಹಾಗೆ ಕರಗಿ ತಂತಿಗೆ ಅಂಟಿದ್ದರೆ, ತಂತಿ ನೀಲಿ ಬಣ್ಣಕ್ಕೆ ತಿರುಗಿದ್ದರೆ, ನನ್ನ ಮಾತು ನಿಜ ಅಂತ ಅರ್ಥ. ಬರೀ ತುಕ್ಕು ಇದ್ದರೆ ಅದು ಉಪ್ಪುಗಾಳಿಯ ಕೆಲಸವೂ ಇರಬಹುದು.

ಹಾಗಾದರೆ ಮೆಕ್ಯಾನಿಕ್ ಮೀಟರ್ ಇಟ್ಟು ನೋಡಿದರೆ ಸಿಗುವುದಿಲ್ಲವೇ ಅಂತ ನೀವು ಕೇಳಬಹುದು. ಇದು ಒಳ್ಳೇ ಪ್ರಶ್ನೆ, ಎಷ್ಟೋ ಗ್ಯಾರೇಜುಗಳು ಎಡವುವುದೂ ಇಲ್ಲೇ. ಅರ್ತ್ ಕೇಬಲ್ ಅಂದರೆ ನೂರಾರು ಸಣ್ಣ ತಾಮ್ರದ ಎಳೆಗಳು. ಅದರಲ್ಲಿ ಒಂದೇ ಎಳೆ ಉಳಿದಿದ್ದರೂ ಟೆಸ್ಟ್ ಲ್ಯಾಂಪ್ ಚೆನ್ನಾಗಿ ಉರಿಯುತ್ತದೆ, ಮೀಟರ್ 'ಬೀಪ್' ಅನ್ನುತ್ತದೆ. ನಮ್ಮ ಶಿರಸಿ ಕಡೆ ಅಡಿಕೆ ತೋಟದಲ್ಲಿ ಪೈಪಿನೊಳಗೆ ಕಸ ಸಿಕ್ಕಿಕೊಳ್ಳುತ್ತದೆ. ಆಗ ಕೈ ತೊಳೆಯುವ ನಲ್ಲಿಗೆ ನೀರು ಬರುತ್ತದೆ, ಸ್ಪ್ರಿಂಕ್ಲರ್ ಮಾತ್ರ ತಿರುಗುವುದಿಲ್ಲ. ಅದೇ ಲೆಕ್ಕ ಇಲ್ಲೂ. ಜೋಡಣೆಯಲ್ಲಿ 0.01 ಓಮ್ ತಡೆ ಇದ್ದರೆ 150 ಆಂಪಿಯರ್ ಹರಿಯುವಾಗ 1.5 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. 0.03 ಓಮ್ ಆದರೆ 4.5 ವೋಲ್ಟ್. ಅಷ್ಟು ಕಳೆದುಕೊಂಡ ಮೇಲೆ ಸೆಲ್ಫ್ ಮೋಟಾರ್ ತಿರುಗುವುದು ಹೇಗೆ? ಆದರೆ ಮಾಮೂಲಿ ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೇ 0.2, 0.3 ಓಮ್ ತೋರಿಸುತ್ತದೆ. ಅದರಿಂದ 0.03 ಓಮ್ ಅಳೆಯುವುದು ಆಗದ ಕೆಲಸ. ಹಾಗಾಗಿ ಅರ್ತ್ ನೋಡಲು ಓಮ್ ಅಳೆಯಬೇಡಿ. ಸೆಲ್ಫ್ ಹೊಡೆಯುವಾಗಲೇ ವೋಲ್ಟ್ ಅಳೆಯಿರಿ.

ಬಿಸಿಯಾದ ಮೇಲೆ ಯಾಕೆ ಜಾಸ್ತಿ ಅಂತಲೂ ಹೇಳುತ್ತೇನೆ. ತಾಮ್ರ 10 ಡಿಗ್ರಿ ಬಿಸಿಯಾದರೆ ಅದರ ತಡೆ ಸುಮಾರು ಶೇಕಡಾ 4ರಷ್ಟು ಏರುತ್ತದೆ. ಅಂಕೋಲಾ ತನಕ ಓಡಿದ ಎಂಜಿನ್ ಪಕ್ಕದಲ್ಲಿ ಕೂತ ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸೆಲ್ಫ್ ಮೋಟಾರಿಗೆ ಕರೆಂಟ್ ಜೋಡಿಸುವ ಸ್ವಿಚ್) 60 ಡಿಗ್ರಿ ಜಾಸ್ತಿ ಕಾದಿದ್ದರೆ ಅದರ ಕಾಯಿಲಿನ ತಡೆ ಕಾಲುಭಾಗದಷ್ಟು ಏರಿರುತ್ತದೆ. ಬೆಳಗ್ಗೆ ಹೇಗೋ ಸಾಕಾಗುತ್ತಿದ್ದ ಕರೆಂಟ್ ಈಗ ಸಾಲುವುದಿಲ್ಲ. ಜೊತೆಗೆ ಕೆಟ್ಟ ಜೋಡಣೆಯೂ ಬಿಸಿಗೆ ಹಿಗ್ಗುತ್ತದೆ, ತಣಿದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಗಾಡಿ ನಿಲ್ಲಿಸಿದ ತಕ್ಷಣ ಎಂಜಿನ್ ತಣ್ಣಗಾಗುತ್ತದೆ ಅಂದುಕೊಳ್ಳಬೇಡಿ. ಗಾಳಿ ನಿಂತಿರುತ್ತದೆ, ಹಾಗಾಗಿ ಮೊದಲ ಹತ್ತು ನಿಮಿಷ ಬಾನೆಟ್ ಒಳಗಿನ ಬಿಸಿ ಏರುತ್ತದೆ. ಪೆಟ್ರೋಲ್ ಹಾಕಿಸುವ ಹೊತ್ತು ಸರಿಯಾಗಿ ಅದೇ. ಮಳೆಗಾಲದ ಕಥೆ ಬೇರೆ. ಕಿಲುಬು ಹಿಡಿದ ಜೋಡಣೆಗೆ ತೇವ ಸೇರಿದರೆ ಅಷ್ಟಿಷ್ಟು ಉಳಿದ ಹಿಡಿತವೂ ಹೋಗುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಉಳಿದ ದಿನ ಕಡಲಿನ ಗಾಳಿ. ತಾಮ್ರಕ್ಕೆ ಇದಕ್ಕಿಂತ ಕಷ್ಟದ ಊರು ಕಡಿಮೆ.

ಈಗ ಪರೀಕ್ಷೆ. ನೀವೇ ಮಾಡಬಹುದಾದ, ಖರ್ಚಿಲ್ಲದ ಒಂದು ಉಪಾಯದಿಂದ ಶುರು ಮಾಡುತ್ತೇನೆ. ಬ್ಯಾಟರಿಯಿಂದ ಬ್ಯಾಟರಿಗೆ ಹಾಕುವ ಜಂಪರ್ ಕೇಬಲ್ ಒಂದು ಜೊತೆ ಕಾರಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಸಲ 'ಟಕ್' ಅಂದು ನಿಂತಾಗ ಗಾಬರಿಯಾಗಬೇಡಿ, ಕಾಯಲೂ ಬೇಡಿ. ಪೆಟ್ರೋಲ್ ಬಂಕಿನಲ್ಲಿದ್ದರೆ ಮೊದಲು ಗಾಡಿಯನ್ನು ಪಂಪಿನಿಂದ ದೂರ ತಳ್ಳಿಸಿ, ಅಲ್ಲಿ ಒಂದು ಕಿಡಿಯೂ ಬೇಡ. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಆಮೇಲೆ ಕಪ್ಪು ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿಯನ್ನು ಎಂಜಿನ್ನಿನ ಬಣ್ಣ ಇಲ್ಲದ ಗಟ್ಟಿ ಲೋಹಕ್ಕೆ ಕಚ್ಚಿಸಿ. ಎಂಜಿನ್ ಎತ್ತುವ ಕೊಕ್ಕೆ ಇದ್ದರೆ ಅದು ಒಳ್ಳೆ ಜಾಗ. ಬೆಲ್ಟಿಗೆ, ಫ್ಯಾನಿಗೆ ಕೇಬಲ್ ತಾಗದ ಹಾಗೆ ನೋಡಿಕೊಳ್ಳಿ. ಈಗ ಕೀ ತಿರುಗಿಸಿ. ಸೆಲ್ಫ್ ಗಡಗಡನೆ ತಿರುಗಿದರೆ ಮುಗಿಯಿತು, ಕಳ್ಳ ಸಿಕ್ಕಿಬಿದ್ದ. ಅರ್ತ್ ಕೇಬಲೇ.

ಕೆಟ್ಟಿರುವ ಹೊತ್ತಿನಲ್ಲೇ ಪರೀಕ್ಷೆ ಮಾಡಬೇಕು ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಕುಮಟಾದಿಂದ ಒಂದು ಹಳೇ ಜೀಪು ನನ್ನ ಹತ್ತಿರ ಬಂದಿತ್ತು. ಇದೇ ಕಾಯಿಲೆ. ಗಾಡಿಯವರು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದು, ಪೇಟೆಯಲ್ಲಿ ಚಹಾ ಕುಡಿದು, ಆಮೇಲೆ ಗ್ಯಾರೇಜಿಗೆ ತಂದು ಬಿಡುತ್ತಿದ್ದರು. ಅಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತಿತ್ತು. ನನ್ನ ಮುಂದೆ ಒಂದು ಸಲವೂ ತಪ್ಪಲಿಲ್ಲ. ಮೂರು ದಿನ ಇಟ್ಟುಕೊಂಡೆ. ಕೀ ಸ್ವಿಚ್ ಬದಲಾಯಿಸಿದೆ, ಅದರಿಂದ ಏನೂ ಆಗಲಿಲ್ಲ, ಅವರ ದುಡ್ಡು ಹೋಯಿತು. ಅದು ನನಗೆ ಇವತ್ತಿಗೂ ಬೇಸರ. ನಾಲ್ಕನೇ ದಿನ ನಾನೇ ಗಾಡಿ ತೆಗೆದುಕೊಂಡು ಘಟ್ಟ ಇಳಿದು, ವಾಪಸ್ ಹತ್ತಿ, ಮೇಲೆ ಬಂದ ಕೂಡಲೇ ನಿಲ್ಲಿಸಿ ಕೀ ತಿರುಗಿಸಿದೆ. 'ಟಕ್' ಅಂತು. ಬಾನೆಟ್ ಎತ್ತಿ ಒಂದೊಂದೇ ಜೋಡಣೆ ಮುಟ್ಟಿ ನೋಡುತ್ತಾ ಬಂದೆ. ಅರ್ತ್ ಕೇಬಲಿನ ಎಂಜಿನ್ ಕಡೆಯ ಲಗ್, ಅಂದರೆ ಬೋಲ್ಟಿಗೆ ಕೂರುವ ಲೋಹದ ತುದಿ, ಮುಟ್ಟಿದಾಗ ಬೆರಳು ಹಿಂದೆ ತೆಗೆಯಬೇಕಾಯಿತು. ಸುತ್ತಲಿನ ಲೋಹಕ್ಕಿಂತ ಅದು ಜಾಸ್ತಿ ಕಾದಿತ್ತು. ಹೊರಗಿನಿಂದ ನೋಡಿದರೆ ಕೇಬಲ್ ಹೊಸದರ ಹಾಗೆ ಇತ್ತು, ಲಗ್ ಮೇಲೆ ಕಪ್ಪು ರಬ್ಬರ್ ಕವರ್ ಬೇರೆ. ಕವರ್ ಸೀಳಿದರೆ ಒಳಗೆ ಹಸಿರು ಪುಡಿ ಉದುರಿತು. ಹೊಳೆಯುವ ಎಳೆ ಎಣಿಸಿದರೆ ಒಂದು ಕೈಯ ಬೆರಳಿನಷ್ಟೂ ಇರಲಿಲ್ಲ. ಅವತ್ತಿನಿಂದ ಸ್ಟಾರ್ಟಿಂಗ್ ಕಂಪ್ಲೇಂಟ್ ಬಂದ ಯಾವ ಗಾಡಿಯನ್ನೂ ನಿಂತಲ್ಲೇ ನೋಡಿ ತೀರ್ಮಾನ ಮಾಡುವುದಿಲ್ಲ. ಎಲ್ಲಿ ಕೆಡುತ್ತದೋ ಆ ಸ್ಥಿತಿಗೆ ಗಾಡಿಯನ್ನು ತರುತ್ತೇನೆ.

ನಿಮ್ಮ ಮನೆಯಲ್ಲಿ ಒಂದು ಮಲ್ಟಿಮೀಟರ್ ಇದ್ದರೆ ಇನ್ನೂ ಖಚಿತವಾಗಿ ನೋಡಬಹುದು. ಕೀ ತಿರುಗಿಸಲು ಇನ್ನೊಬ್ಬರು ಬೇಕು. ಎಂಜಿನ್ ಸ್ಟಾರ್ಟ್ ಆಗದೆ ಬರೀ ತಿರುಗಬೇಕು, ಅದಕ್ಕೆ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದಿಡಿ. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ ಅಂತ. 12.2 ಇದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 10ರ ಕೆಳಗೆ ಇಳಿಯಬಾರದು. ಇಳಿಯದೇ ಇದ್ದೂ ಸೆಲ್ಫ್ ತಿರುಗದಿದ್ದರೆ ಬ್ಯಾಟರಿಯದ್ದು ತಪ್ಪಿಲ್ಲ, ಕರೆಂಟ್ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ. ನಿಮ್ಮ ಎರಡು ಬ್ಯಾಟರಿ ಬದಲಾಯಿಸುವ ಮೊದಲು ಯಾರಾದರೂ ಈ ಒಂದು ಅಂಕಿ ನೋಡಿದ್ದರೆ ಆ ಖರ್ಚು ಉಳಿಯುತ್ತಿತ್ತು.

ಎರಡನೆಯದು ಅರ್ತ್. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಸೀಸದ ಗೂಟದ ಮೇಲೆಯೇ ಇಡಿ, ಅದರ ಮೇಲಿನ ಕ್ಲಾಂಪಿನ ಮೇಲಲ್ಲ. ಕೆಂಪು ಕಡ್ಡಿ ಎಂಜಿನ್ನಿನ ಬರೀ ಲೋಹಕ್ಕೆ. ಸೆಲ್ಫ್ ಹೊಡೆಯಿರಿ. ಮೀಟರ್ 0.2, ಬಹಳ ಆದರೆ 0.3 ವೋಲ್ಟ್ ತೋರಿಸಬೇಕು. ಅರ್ಧ ವೋಲ್ಟ್ ದಾಟಿದರೆ ಸಂಶಯ. ಒಂದು ವೋಲ್ಟ್ ದಾಟಿದರೆ ಇನ್ನು ಹುಡುಕುವುದು ಬೇಡ. ಇದಾದ ಮೇಲೆ ಕಪ್ಪು ಕಡ್ಡಿಯನ್ನು ಕ್ಲಾಂಪ್, ಕೇಬಲಿನ ಲಗ್ ಹೀಗೆ ಒಂದೊಂದೇ ಹೆಜ್ಜೆ ಮುಂದೆ ಸರಿಸಿ ಮತ್ತೆ ಅಳೆಯಿರಿ. ಎಲ್ಲಿ ಅಂಕಿ ಒಮ್ಮೆಲೇ ಬಿದ್ದಿತೋ ಅದರ ಹಿಂದಿನ ಜೋಡಣೆಯೇ ಕೆಟ್ಟದ್ದು.

ಮೂರನೆಯದು ಪ್ಲಸ್ ಕಡೆ. ಬ್ಯಾಟರಿಯ ಪ್ಲಸ್ ಗೂಟಕ್ಕೂ, ಸೆಲ್ಫ್ ಮೇಲೆ ದಪ್ಪ ಕೇಬಲ್ ಬಂದು ಕೂರುವ ಬೋಲ್ಟಿಗೂ ನಡುವೆ ಅಳೆಯಿರಿ. ಇಲ್ಲಿ ಅರ್ಧ ವೋಲ್ಟ್ ತನಕ ಪರವಾಗಿಲ್ಲ. ಸೆಲ್ಫ್ ಮೇಲೆ ಇನ್ನೊಂದು ದಪ್ಪ ಬೋಲ್ಟ್ ಇರುತ್ತದೆ, ಸೊಲೆನಾಯ್ಡ್‌ನಿಂದ ಮೋಟಾರಿಗೆ ಹೋಗುವುದು. ಅಲ್ಲಿ ಅಳೆದರೆ ಸೆಲ್ಫ್ ಹೊಡೆಯುವ ಮೊದಲು 12 ವೋಲ್ಟ್ ಕಾಣುತ್ತದೆ, ಹೆದರಬೇಡಿ. ಹೊಡೆಯುವಾಗ ಅದು ಅರ್ಧ ವೋಲ್ಟಿನ ಹತ್ತಿರಕ್ಕೆ ಬೀಳಬೇಕು. ಬೀಳದೆ ಮೇಲೆಯೇ ನಿಂತರೆ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸವೆದಿದೆ. ಕಾರ್ಬನ್ ಹಾಕುವಾಗ ಸೊಲೆನಾಯ್ಡ್ ಬಿಚ್ಚಿ ನೋಡಿದರಾ ಅಂತ ನಿಮ್ಮ ಮೆಕ್ಯಾನಿಕ್ ಹತ್ತಿರ ಕೇಳಿ. ಬಹಳ ಸಲ ನೋಡಿರುವುದಿಲ್ಲ.

ಇದನ್ನೆಲ್ಲ ಮನೆಯಲ್ಲಿ ಅಳೆದಾಗ ಸರಿಯಾಗಿಯೇ ಬಂದು, ಅಂಕೋಲಾದಲ್ಲಿ ಮತ್ತೆ ಕೈಕೊಟ್ಟರೆ? ಅದಕ್ಕೂ ದಾರಿ ಇದೆ. ಎರಡು ಸಣ್ಣ ವಯರು ತೆಗೆದುಕೊಳ್ಳಿ. ಒಂದನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೆ ಬಿಗಿದು, ಎರಡನ್ನೂ ಸೀಟಿನ ತನಕ ಎಳೆದುತಂದು ಮೀಟರಿಗೆ ಜೋಡಿಸಿ. ಎರಡೂ ಅರ್ತ್ ಕಡೆಯವೇ ಆದ್ದರಿಂದ ಎಲ್ಲಿ ತಾಗಿದರೂ ಶಾರ್ಟ್ ಆಗುವ ಭಯ ಇಲ್ಲ. ಎಕ್ಸಾಸ್ಟಿನ ಬಿಸಿಯಿಂದ ಮಾತ್ರ ದೂರ ಕಟ್ಟಿ. ಒಂದು ವಾರ ಹಾಗೇ ಓಡಿಸಿ. ಪ್ರತಿ ಸಲ ಕೀ ತಿರುಗಿಸುವಾಗ ಮೀಟರ್ ಕಡೆ ಕಣ್ಣಿಡಿ. ದಿನವೂ 0.2 ತೋರಿಸುತ್ತಿದ್ದದ್ದು ಕೈಕೊಟ್ಟ ದಿನ 3 ಅಂತ ತೋರಿಸಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ರಿಪೇರಿ ಹೇಗೆ ಮಾಡಿಸುವುದು ಅನ್ನುವುದರಲ್ಲಿ ನಾನು ಸ್ವಲ್ಪ ಹಠಮಾರಿ. ಹಳೇ ಕೇಬಲಿನ ತುದಿ ಕತ್ತರಿಸಿ ಹೊಸ ಲಗ್ ಹಾಕಿಸುವುದು ಬೇಡ. ಕಿಲುಬು ಎಳೆಗಳ ನಡುವೆ ತೆವಳಿಕೊಂಡು ರಬ್ಬರ್ ಒಳಗೆ ದೂರ ಹೋಗಿರುತ್ತದೆ. ಕತ್ತರಿಸಿದ ಜಾಗದಲ್ಲಿ ತಾಮ್ರ ಕಪ್ಪಾಗಿದ್ದರೆ ಆ ಕೇಬಲ್ ಸತ್ತ ಹಾಗೆ. ಪೂರ್ತಿ ಹೊಸದು ಹಾಕಿಸಿ. 25 ಚದರ ಮಿಲಿಮೀಟರಿಗಿಂತ ಕಡಿಮೆ ಬೇಡ, 35 ಆದರೆ ಇನ್ನೂ ಒಳ್ಳೆಯದು. ತವರ ಲೇಪಿಸಿದ ತಾಮ್ರದ ಕೇಬಲ್ ಸಿಕ್ಕರೆ ಅದನ್ನೇ ಹಾಕಿಸಿ, ಬೋಟುಗಳಿಗೆ ಬಳಸುವುದು ಅದನ್ನೇ. ಬೈತಖೋಲದ ಬಂದರಿನಲ್ಲಿ ಬೋಟಿನ ವಯರಿಂಗ್ ಮಾಡುವವರನ್ನು ಕೇಳಿ ನೋಡಿ, ಉಪ್ಪುನೀರಿನ ಜೊತೆ ದಿನವೂ ಗುದ್ದಾಡುವವರು ಅವರು. ಲಗ್ಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವವರ ಹತ್ತಿರ ಕೊಡಬೇಡಿ, ಒತ್ತುವ ಟೂಲ್ ಇರುವವರೇ ಬೇಕು.

ಮೂರು ಅರ್ತ್ ಹಾಕಿಸಿ. ಬ್ಯಾಟರಿ ಮೈನಸ್‌ನಿಂದ ಎಂಜಿನ್ ಅಥವಾ ಗೇರ್‌ಬಾಕ್ಸಿಗೆ ಒಂದು. ಮೈನಸ್‌ನಿಂದ ಕೆಳಗಿನ ಕಬ್ಬಿಣದ ಫ್ರೇಮಿಗೆ ಒಂದು. ಎಂಜಿನ್ನಿಂದ ಫ್ರೇಮಿಗೆ ಇನ್ನೊಂದು. ಎಂಜಿನ್ ಅಲುಗಾಡುತ್ತದೆ, ಆದ್ದರಿಂದ ಕೇಬಲ್ ಬಿಗಿ ಇರಬಾರದು, ಸ್ವಲ್ಪ ಜೋಲು ಬಿಡಿ. ಕೂರುವ ಜಾಗದ ಬಣ್ಣ, ತುಕ್ಕು ಎಲ್ಲ ಎಮರಿ ಪೇಪರಿನಿಂದ ಉಜ್ಜಿ ಲೋಹ ಹೊಳೆಯಬೇಕು. ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಬಿಗಿದ ಮೇಲೆ ಹೊರಗಿನಿಂದ ವ್ಯಾಸಲಿನ್ ದಪ್ಪಗೆ ಬಳಿಯಿರಿ, ಗಾಳಿ ನೀರು ಒಳಗೆ ಹೋಗದ ಹಾಗೆ. ಕೆಲಸ ಶುರು ಮಾಡುವ ಮೊದಲು ಉಂಗುರ, ಕೈಬಳೆ ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದಾದ ಮೇಲೆ ಇನ್ನೊಂದು ಹೊಸ ಎಕ್ಸಿಲರೇಟರ್ ಕೇಬಲ್ ಹಾಕಿಸಿ. ಅರ್ತ್ ಸರಿಮಾಡದೆ ಹಾಕಿದ್ದು ಒಳಗೆ ಆಗಲೇ ಸ್ವಲ್ಪ ಬೆಂದಿರುತ್ತದೆ. ಓಡುವಾಗ ಎಕ್ಸಿಲರೇಟರ್ ಹಿಡಿದುಕೊಳ್ಳುವುದು ಸ್ಟಾರ್ಟ್ ಆಗದಿರುವುದಕ್ಕಿಂತ ಎಷ್ಟೋ ಪಾಲು ಅಪಾಯ. ಬಿಣಗಾ ಘಟ್ಟದ ತಿರುವಿನಲ್ಲಿ ಹಾಗಾದರೆ ಏನು ಗತಿ? ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಅರ್ತ್ ಎಲ್ಲ ಸರಿಯಿದ್ದೂ 'ಟಕ್' ನಿಲ್ಲದಿದ್ದರೆ ಸೊಲೆನಾಯ್ಡ್ ಕಾಂಟ್ಯಾಕ್ಟ್ ನೋಡಬೇಕು, ಆಗಲೇ ಹೇಳಿದೆ. 'ಟಕ್' ಕೂಡ ಇಲ್ಲದೆ ಪೂರ್ತಿ ಮೌನ ಆದರೆ ಕೀ ಸ್ವಿಚ್ ಕಡೆ ಹೋಗಿ. ಸೊಲೆನಾಯ್ಡ್ ಎಳೆದುಕೊಳ್ಳುವ ಕ್ಷಣಕ್ಕೆ ಹತ್ತಾರು ಆಂಪಿಯರ್ ಬೇಕು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಇಲ್ಲದ ವಯರಿಂಗ್ ಆದರೆ ಅಷ್ಟೂ ಕೀ ಸ್ವಿಚ್ಚಿನ ಸಣ್ಣ ಕಾಂಟ್ಯಾಕ್ಟ್ ಮೂಲಕವೇ ಹೋಗಬೇಕು. 25 ವರ್ಷದಲ್ಲಿ ಅದು ಸುಟ್ಟು ಕಪ್ಪಾಗಿರುವುದು ಸಹಜ. ಒಂದು 40 ಆಂಪಿಯರ್ ರಿಲೇ ಹಾಕಿಸಿ. 30ನೇ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಪ್ಲಸ್, 87ರಿಂದ ಸೊಲೆನಾಯ್ಡಿನ ಸಣ್ಣ ಟರ್ಮಿನಲ್, 86ಕ್ಕೆ ಕೀಯಿಂದ ಬರುವ ಹಳೇ ವಯರು, 85 ಅರ್ತ್. ಈ 85ರ ವಯರನ್ನು ಹತ್ತಿರದ ಬೋಲ್ಟಿಗೆ ಕಟ್ಟಿ ಬಿಡುತ್ತಾರೆ, ತಗಡಿನ ಕಾರಿನಲ್ಲಿ ನಡೆಯುತ್ತದೆ. ನಿಮ್ಮದರಲ್ಲಿ ಆ ಬೋಲ್ಟ್ ಫೈಬರಿಗೆ ಕೂತಿರಬಹುದು. ಫ್ರೇಮಿನ ತನಕ ವಯರು ಎಳೆಯಲು ಹೇಳಿ.

ಸೆಲ್ಫ್ ಚೆನ್ನಾಗಿ ತಿರುಗಿ ಎಂಜಿನ್ ಮಾತ್ರ ಹಿಡಿಯದಿದ್ದರೆ ಅದು ಬೇರೆಯೇ ಕಾಯಿಲೆ. ನೀವು ಅದನ್ನು ಬರೆದಿಲ್ಲ, ಆದರೂ ಈ ಎಂಜಿನ್ ಇರುವವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚದ ಮೇಲೆ, ಫ್ಲೈವೀಲ್ ಹಲ್ಲು ಎಣಿಸುವ ಒಂದು ಸೆನ್ಸರ್ ಕೂತಿರುತ್ತದೆ. ಅದರಿಂದ ಸುದ್ದಿ ಬರದಿದ್ದರೆ ಎಂಜಿನ್ ನಡೆಸುವ ಕಂಪ್ಯೂಟರ್ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ. ರೆನೋದ ಆ ಕಾಲದ ಎಂಜಿನ್ನುಗಳಲ್ಲಿ ಇದರ ಕನೆಕ್ಟರ್ ಸಡಿಲ ಆಗುವುದು, ಒಳಗೆ ಕೊಳೆ ಸೇರುವುದು ಮಾಮೂಲು. ಬಿಸಿಯಾದಾಗ ಸೆನ್ಸರ್ ಒಳಗಿನ ಕಾಯಿಲ್ ಬಿಟ್ಟುಕೊಂಡು, ತಣಿದರೆ ಸೇರಿಕೊಳ್ಳುವುದೂ ಉಂಟು. ತಣ್ಣಗಿದ್ದಾಗ ಒಮ್ಮೆ, ಕೈಕೊಟ್ಟಾಗ ಒಮ್ಮೆ ಅದರ ಓಮ್ ಅಳೆದು ಹೋಲಿಸಿದರೆ ಗೊತ್ತಾಗುತ್ತದೆ. ಮೊದಲು ಕನೆಕ್ಟರ್ ಬಿಚ್ಚಿ, ತೊಳೆದು, ಒಣಗಿಸಿ ಹಾಕಿ. ಎಷ್ಟೋ ಸಲ ಅಷ್ಟರಲ್ಲೇ ಸರಿಯಾಗುತ್ತದೆ.

ಬಿಡಿಭಾಗ ಸಿಗುವುದಿಲ್ಲ ಅನ್ನುವ ಭಯಕ್ಕೆ ಒಂದು ಮಾತು. ಅಂಗಡಿಯಲ್ಲಿ ಕಾರಿನ ಹೆಸರು ಹೇಳಬೇಡಿ, ಎಂಜಿನ್ ಹೆಸರು ಹೇಳಿ. ನಿಮ್ಮದು ಡಿ7ಎಫ್. ಯುರೋಪಿನ ಕ್ಲಿಯೋ, ಟ್ವಿಂಗೋ ಕಾರುಗಳಲ್ಲಿ ಇದೇ ಎಂಜಿನ್ ಇತ್ತು. ಸೆನ್ಸರ್, ಸೆಲ್ಫ್, ಸೊಲೆನಾಯ್ಡ್ ಆ ಹೆಸರಿನಲ್ಲಿ ಹುಡುಕಿದರೆ ತರಿಸಿಕೊಳ್ಳಬಹುದು.

ಮಳೆಗಾಲದಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸುತ್ತೀರಿ ಅಂತ ನನ್ನ ಊಹೆ. ಕಾರು ಬಂದ್ ಇದ್ದಾಗಲೂ ಸ್ವಲ್ಪ ಕರೆಂಟ್ ಸೋರುತ್ತದೆ. 50 ಮಿಲಿ ಆಂಪಿಯರ್ ಸೋರಿದರೂ ದಿನಕ್ಕೆ 1.2 ಆಂಪಿಯರ್ ಅವರ್, ಒಂದು ತಿಂಗಳಲ್ಲಿ 35 ಆಂಪಿಯರ್ ಅವರ್ ಬ್ಯಾಟರಿ ಪೂರ್ತಿ ಖಾಲಿ. ನಿಲ್ಲಿಸುವಾಗ ಮೈನಸ್ ಬಿಚ್ಚಿಡಿ. ಪ್ಲಾಸ್ಟಿಕ್ ತಾಡಪಾಲು ಮೈಗೆ ಸುತ್ತಬೇಡಿ, ಒಳಗೆ ಬೆವರು ಕಟ್ಟಿ ವಯರಿಂಗ್ ಕೊಳೆಯುತ್ತದೆ. ಗಾಳಿ ಆಡುವ ಮಾಡಿನ ಕೆಳಗೆ ನಿಲ್ಲಿಸುವುದೇ ಲೇಸು. ಬಾನೆಟ್ ವಾರಕ್ಕೊಮ್ಮೆ ಎತ್ತಿ ನೋಡಿ, ಮಳೆಗಾಲದಲ್ಲಿ ಇಲಿಗಳಿಗೆ ಅದಕ್ಕಿಂತ ಬೆಚ್ಚಗಿನ ಜಾಗ ಇಲ್ಲ. ಇಂಜೆಕ್ಷನ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡುವ ಅಭ್ಯಾಸ ಬೇಡ. ಸುಡದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಹಾಳಾಗುತ್ತದೆ.

ಜಂಪರ್ ಕೇಬಲ್ ಪರೀಕ್ಷೆ ಮೊದಲು ಮಾಡಿ. ಅದಾದ ಮೇಲೆ ಮೂರು ಅಂಕಿ ಬರೆದು ಕಳಿಸಿ: ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟ್, ಎಂಜಿನ್ನಿಗೂ ಮೈನಸ್‌ಗೂ ನಡುವಿನ ವೋಲ್ಟ್, ಪ್ಲಸ್ ಕಡೆಯ ವೋಲ್ಟ್. ಕಾರು ತಣ್ಣಗಿದ್ದಾಗ ಒಂದು ಸಲ, ಅಂಕೋಲಾದಿಂದ ವಾಪಸ್ ಬಂದ ಕೂಡಲೇ ಒಂದು ಸಲ ಅಳೆಯಿರಿ. ಹಳೇ ಎಕ್ಸಿಲರೇಟರ್ ಕೇಬಲ್ ಸೀಳಿದ ಫೋಟೋ ಇದ್ದರೆ ಅದನ್ನೂ ಸೇರಿಸಿ.